ಇನ್ನೊಂದು ಕಾಲು ಸುತ್ತು

ಹರಾರಿನ ಕೋಟೆ ಗೋಡೆಯ ಹೊರಗೆ, ಇಳಿಜಾರಲ್ಲಿ
ನನ್ನ ಗ್ಯಾರೇಜು. ಗ್ಯಾರೇಜೆಂದರೆ ಒಂದು ಗುಂಡಿ,
ಗುಂಡಿಯ ಮೇಲೆ ಎರಡು ಹಲಗೆ, ಹಲಗೆಯ ಮೇಲೆ ಇವತ್ತು
ಅಬ್ಬಾ ಬಿಯಾನ ನೀಲಿ ಪೆಜೋ.
ನನಗಿಂತ ಎರಡು ವರ್ಷ ಹಿರಿಯದು,
ಇನ್ನೂ ಟ್ಯಾಕ್ಸಿ.

ನಿಂತಲ್ಲೆಲ್ಲ ಕರಿ ಬೊಟ್ಟು ಇಡುತ್ತಿದೆಯಂತೆ.
ಫೆರೆಸ್ ಮಗಾಲಾ ಚೌಕದಲ್ಲಿ ಕಾಫಿ ಮಾರುವಾಕೆ
ತನ್ನ ಚಾಪೆಯನ್ನು ಎರಡು ಸಲ ಆಚೆಗೆ ಎಳೆದುಕೊಂಡಳಂತೆ.
ಈಗ ಹೋದಲ್ಲೆಲ್ಲ ಟೊಮೇಟೊ ಡಬ್ಬಿ ಜೊತೆಗೆ;
ನಿಲ್ಲಿಸಿದೊಡನೆ ಇಳಿದು ಅಡಿಗಿಡುತ್ತಾನೆ,
ಹಾಸಿಗೆ ಹಿಡಿದವರಿಗೆ ತಟ್ಟೆ ಒಡ್ಡಿದ ಹಾಗೆ.

ಬಿರಡೆ ಬಿಚ್ಚಿದೆ. ಬಿಚ್ಚುವುದೇನು, ಮುಟ್ಟಿದರೆ ತಿರುಗಿತು,
ತಿರುಗುತ್ತಲೇ ಇತ್ತು, ಕೆಳಗಿಳಿಯಲಿಲ್ಲ,
ಹಲ್ಲಿಲ್ಲದ ಬಾಯಲ್ಲಿ ಖಾತ್ ಸೊಪ್ಪಿನ ಹಾಗೆ.
ಸ್ಕ್ರೂಡ್ರೈವರಿನ ಮೊನೆಯಿಂದ ಮೀಟಿದ ಮೇಲೆ ಬಂತು,
ಹಿಂದೆಯೇ ಎಣ್ಣೆ, ಮೊಣಕೈವರೆಗೆ ಬೆಚ್ಚಗೆ.
ಉಕ್ಕಿನ ಸುತ್ತುಗಳ ನಡುವೆ ಸಿಕ್ಕಿಕೊಂಡಿತ್ತು
ಅಲ್ಯುಮಿನಿಯಮ್ಮಿನ ಬೆಳ್ಳನೆ ಎಳೆ, ಸುರುಳಿಯಾಗಿ.
ತೊಟ್ಟಿಯ ತಿರುಪು ಪೂರ್ತಿ ಕಿತ್ತು ಬಂದಿತ್ತು.

"ದಿರೆ ದಾವಾದಲ್ಲಿ ಒಬ್ಬನ ಕೈಗೆ ಕೊಟ್ಟಿದ್ದೆ,
ಆ ಕತ್ತೆಯ ಕೆಲಸ" ಎಂದ ಅಬ್ಬಾ ಬಿಯಾ ಮೇಲಿಂದ.
ಗುಂಡಿಯೊಳಗಿಂದ ನಾನು, "ಹೂಂ."

ದಿರೆ ದಾವಾದವನಲ್ಲ. ಅವನು ಪಾಪ,
ನಾನು ಕೊಂದದ್ದನ್ನು ಬಿಚ್ಚಿ ನೋಡಿದನಷ್ಟೇ.
ಹೋದ ರಂಜಾನಿನ ಹಿಂದಿನ ವಾರ, ಇದೇ ಗುಂಡಿ.
ನಲವತ್ತು ಬಿರ್ರಿಗೆ ಚೌಕಾಸಿ ಮಾಡಿ ಮಾಡಿ, ಕೊನೆಗೆ
ತನಗೆ ತೋಚಿದಷ್ಟು ಹಲಗೆಯ ಮೇಲಿಟ್ಟು
"ಇದೇ ಹೆಚ್ಚಾಯ್ತು" ಎಂದಿದ್ದ.
ನಾನಾಗ ಬಿರಡೆ ಹಾಕುತ್ತಿದ್ದೆ.
ವಾಷರ್ ಕೂತಿತ್ತು. ಸಾಕು ಅಂತ ಕೈಗೆ ಗೊತ್ತಿತ್ತು.
ಆದರೂ ಸ್ಪ್ಯಾನರಿನ ಬಾಲಕ್ಕೆ ಪೈಪು ಸಿಕ್ಕಿಸಿ
ಇನ್ನೊಂದು ಕಾಲು ಸುತ್ತು.
ಬೇಕಿದ್ದದ್ದು ಬಿಗಿ; ನಾನು ಹಾಕಿದ್ದು ಬಿಗುಮಾನ.
ಎಲ್ಲೋ ಒಳಗೆ ಏನೋ ಮೆತ್ತಗಾಯಿತು, ಬೆಣ್ಣೆಯ ಹಾಗೆ.
ಕೈಮೀರಿತು ಎನ್ನುತ್ತೇವಲ್ಲ,
ಅದಕ್ಕೆ ಸದ್ದೇ ಇಲ್ಲ.
ಒರೆಸಿ, ಬಾನೆಟ್ಟು ಮುಚ್ಚಿ, ಕಳಿಸಿದ್ದೆ.

ಅವತ್ತು ದೀಪ ಹಿಡಿದವನು ಒಲಿಕಾ, ಇವತ್ತೂ ಅವನೇ.
ಆಗ ಹದಿಮೂರು. ಈಗ ದನಿ ಒಡೆದಿದೆ, ಮೀಸೆ ಚಿಗುರಿದೆ.
ಬೆಳಕು ಅಲುಗಿಸಲಿಲ್ಲ. ಮುಖ ನೋಡಲಿಲ್ಲ.

ದೊಡ್ಡ ಟ್ಯಾಪಿನ ಗೀರುಗಳಿಗೆ ಗ್ರೀಸು ತುಂಬಿದೆ,
ಚೂರು ಅಂಟಲೆಂದು. ನೆಟ್ಟಗೆ ಹಿಡಿದು
ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ,
ಸಾಲ ಕೊಟ್ಟವನ ಬಾಗಿಲಿಗೆ ಹೊರಟವನ ಹೆಜ್ಜೆಯಲ್ಲಿ.
ತೆಗೆ, ಒರೆಸು, ಮತ್ತೆ ಗ್ರೀಸು, ಮತ್ತೆ ಒಳಗೆ.
ಗೋಡೆಯಾಚೆ ದರ್ಜಿಗಳ ಬೀದಿಯಲ್ಲಿ ಹೊಲಿಗೆ ಯಂತ್ರಗಳು
ಗಿರ್ರ್ ಎನ್ನುತ್ತಿದ್ದವು, ನಿಂತು, ಮತ್ತೆ ಗಿರ್ರ್.
ಅರ್ಧ ಲೋಟ ಹೊಸ ಎಣ್ಣೆ ಮೇಲಿಂದ ಸುರಿದು
ಉಳಿದ ಹೊಟ್ಟನ್ನು ತೊಳೆದು ಹೊರಗೆ ಬಿಟ್ಟೆ.
ತಾಮ್ರದ ವಾಷರನ್ನು ಕೆಂಡದ ಮೇಲೆ ಕೆಂಪಾಗಿಸಿ
ನೀರಿಗೆ ಹಾಕಿದೆ. ವಿಚಿತ್ರ ಲೋಹ ಅದು,
ಸುಟ್ಟು ತಣಿಸಿದರೆ ಮೆತ್ತಗಾಗುತ್ತದೆ.
ಲೇತಿನಲ್ಲಿ ಕಡೆಸಿ ತಂದ ದಪ್ಪ ಬಿರಡೆ
ಬೆರಳಲ್ಲೇ ಏರಿತು, ಕೊನೆಯ ಸುತ್ತಿನವರೆಗೆ.

ಒಲಿಕಾ ಪೈಪು ತಂದು ಪಕ್ಕದಲ್ಲಿಟ್ಟ.
ನಾನು ಕೇಳಿರಲಿಲ್ಲ. ಇಟ್ಟು ನನ್ನನ್ನೇ ನೋಡಿದ.
ಗಿಡ್ಡ ಸ್ಪ್ಯಾನರನ್ನು ಅವನ ಕೈಗೇ ಕೊಟ್ಟೆ.
"ಎಷ್ಟು?" ಎಂದ.
"ಎರಡು ಬೆರಳಿನ ಬಲ. ಅದು ನಿಂತಲ್ಲಿ ನೀನೂ ನಿಲ್ಲು."

ಅಬ್ಬಾ ಬಿಯಾ ಡಬ್ಬಿ ಇಟ್ಟು ಕಾದ; ಒಂದು ಕಾಫಿ, ಎರಡು ಕಾಫಿ.
ಡಬ್ಬಿಯ ತಳ ಒಣಗೇ ಇತ್ತು.
ಈ ಸಲ ಚೌಕಾಸಿ ಇಲ್ಲ, ಕೇಳಿದಷ್ಟು ಎಣಿಸಿ ಕೊಟ್ಟ.
"ನಿನ್ನಂಥವನೊಬ್ಬ ಅಲ್ಲಿದ್ದಿದ್ದರೆ" ಎಂದ.
ಬಾಯಿಗೆ ಬಂದದ್ದು ಹಲ್ಲಿಗೆ ಸಿಕ್ಕಿಕೊಂಡಿತು.

ಅವನು ಕೈತೊಳೆಯಲು ಹೋದಾಗ ನಲವತ್ತು ಬಿರ್ರು
ಡ್ಯಾಶಿನ ಮಖಮಲ್ಲಿನಡಿ ಸೇರಿಸಿದೆ.
ಯಾರೋ ಪ್ರಯಾಣಿಕರು ಮರೆತದ್ದು ಅಂದುಕೊಂಡಾನು,
ಊರೆಲ್ಲ ಸುತ್ತಿ ವಾರಸುದಾರರನ್ನು ಹುಡುಕಿಯಾನು;
ಅಂಥವನೇ ಅವನು, ನಲವತ್ತಕ್ಕೆ ಜಗಳ ಕಾದವನು.

ಒಲಿಕಾ ಪೈಪನ್ನೆತ್ತಿ ತಗಡಿನ ಸಂದಿಗೆ ಸಿಕ್ಕಿಸಿದ,
ನನ್ನ ಕೈಗೆಟುಕದಷ್ಟು ಮೇಲೆ.